ಕೋಳಿಗೂಡಿನ ಕಿಟಕಿ

ವರ್ನಾ ಲಿಂಡ್‌ಕ್ವಿಸ್ಟ್ ಮೇಡಂ ಪಾಠ ಶುರು ಮಾಡುತ್ತಿದ್ದದ್ದೇ ಸತ್ತವರಿಂದ. ಮೊದಲ ದಿನ ತರಗತಿಗೆ ಬಂದವರೇ, ಬೋರ್ಡಿನ ಕಡೆ ತಿರುಗಿಯೂ ನೋಡದೆ, ಮೇಜಿನ ತುದಿಗೆ ಒರಗಿ ನಿಂತು ಒಂದು ಅಪಘಾತದ ಕಥೆ ಹೇಳುವರು. ಎಷ್ಟು ಗಂಟೆಗೆ ಆಯಿತು, ಯಾರು ಎಲ್ಲಿ ನಿಂತಿದ್ದರು, ಯಾವ ಪಾತ್ರೆಯಿಂದ ಯಾವ ಪಾತ್ರೆಗೆ ಸುರಿದರು, ಆ ದಿನ ಮನೆಯಲ್ಲಿ ಅವರ ದಾರಿ ಕಾಯುತ್ತಿದ್ದವರು ಯಾರು, ಎಲ್ಲವೂ ಬಾಯಿಪಾಠ.

"ಇವರ್ಯಾರೂ ದಡ್ಡರಲ್ಲ," ಎನ್ನುವರು ಕೊನೆಗೆ. "ನಿಮ್ಮೆಲ್ಲರಿಗಿಂತ ಕೈಕೆಲಸ ಚೆನ್ನಾಗಿ ಗೊತ್ತಿದ್ದವರು. ಅವರಿಗೆ ತಿಳಿಯಬೇಕಾದ್ದನ್ನ ತಿಳಿಸಬೇಕಾದವರು ತಿಳಿಸಲಿಲ್ಲ. ಆ ತಿಳಿಸಬೇಕಾದವರು ನಾಳೆ ನೀವೇ ಆಗಿರ್ತೀರಿ."

ಆಮೇಲೆ ಒಂದು ಹೂಜಿ ನೀರು ತಂದು, ಅಗಲವಾದ ತಟ್ಟೆಗೆ ಸುರಿಯುವರು. ನೀರು ತೆಳ್ಳಗೆ ಹರಡಿಕೊಳ್ಳುವುದು. ಅದನ್ನೇ ಮತ್ತೆ ಹೂಜಿಗೆ ತುಂಬಿ ಎತ್ತಿ ತೋರಿಸುವರು.

"ಇದು ಯುರೇನಿಯಂ ಕರಗಿಸಿದ ನೀರು ಅಂದ್ಕೊಳ್ಳಿ. ತಟ್ಟೇಲಿ ಇದ್ರೆ ಸಾಧು. ನ್ಯೂಟ್ರಾನುಗಳು ಮೇಲಿಂದ ಕೆಳಗಿಂದ ಓಡಿಹೋಗ್ತವೆ. ಅದೇ ನೀರು ಹೂಜೀಲಿ ಗುಂಡಗೆ ಕೂತ್ರೆ ಹುಲಿ. ಬೆಂಕಿ ಬೇಡ, ಕಿಡಿ ಬೇಡ, ಸದ್ದೂ ಇಲ್ಲ. ಒಂದು ಸಲ ನೀಲಿ ಬೆಳಕು ಬರತ್ತೆ ಅಷ್ಟೇ. ಹತ್ತಿರ ಇದ್ದವನಿಗೆ ತಾನು ಸತ್ತೆ ಅಂತ ಗೊತ್ತಾಗೋಕೆ ಇನ್ನೂ ನಾಲ್ಕು ದಿನ ಇರತ್ತೆ."

ನ್ಯೂ ಮೆಕ್ಸಿಕೋದ ಆ ವಿಶ್ವವಿದ್ಯಾಲಯದಲ್ಲಿ ಕ್ರಿಟಿಕಾಲಿಟಿ ಸುರಕ್ಷತೆ, ಅಂದರೆ ಯುರೇನಿಯಂ ಹೀಗೆ ಹುಲಿಯಾಗದಂತೆ ಕಾಯುವ ವಿದ್ಯೆ, ಕಲಿಯಲು ವರ್ಷಕ್ಕೆ ಏಳೆಂಟು ಜನ ಬಂದರೆ ಹೆಚ್ಚು. ಮಾರಿಸೆಲ್ ಕ್ವಿಂತಾನಾ ಬಂದದ್ದು ಗಣಿತದಿಂದ. ಅವಳಪ್ಪ ಆಲ್ಬುಕರ್ಕಿಯ ದಕ್ಷಿಣ ಕಣಿವೆಯಲ್ಲಿ ಮನೆಮನೆಯ ಮಾಡು ಹತ್ತಿ ಕೂಲರ್ ರಿಪೇರಿ ಮಾಡುವವರು. ಲೆಕ್ಕ ಎಂದರೆ ಹುಡುಗಿಗೆ ಆಟ. ಆದರೆ ಕಾಗದದ ಮೇಲೇ ಹುಟ್ಟಿ ಕಾಗದದ ಮೇಲೇ ಮುಗಿಯುವ ಲೆಕ್ಕ ಅವಳಿಗೆ ಬೇಸರ ತಂದಿತ್ತು. ವರ್ನಾ ಮೇಡಂ ಕೈಗೆ ಸಿಕ್ಕ ಮೇಲೆ ಆ ಬೇಸರಕ್ಕೆ ಪುರುಸೊತ್ತೇ ಇರಲಿಲ್ಲ. ಕಂಪ್ಯೂಟರ್ ಮುಂದೆ ಕೂರಿಸುವ ಮೊದಲು ಒಂದು ವಾರ ಪೂರ್ತಿ ಅವರು ಎಲ್ಲರನ್ನೂ ಕೈಗವಸಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಗಾಜಿನ ಪೆಟ್ಟಿಗೆ, ಅದರ ಗೋಡೆಗೆ ಅಂಟಿದ ದಪ್ಪ ರಬ್ಬರ್ ಗವಸು, ಒಳಗೆ ಸಕ್ಕರೆ ಪಾಕ. ಪಾಕವನ್ನು ಬಾಟಲಿಯಿಂದ ಬಾಟಲಿಗೆ ಅಳೆದು ಸುರಿಯಬೇಕು, ತೂಗಬೇಕು, ಬರೆಯಬೇಕು. ಎರಡನೆಯ ದಿನಕ್ಕೇ ಭುಜ ಬಿದ್ದುಹೋಗುವಂತಾಯಿತು.

"ನೋಯ್ತಿದೆಯಾ? ನೋಯಲಿ," ಎಂದಿದ್ದರು ಮೇಡಂ. "ನೀವು ಬರೆಯೋ ನಿಯಮಾನ ಪಾಲಿಸೋನು ಮಧ್ಯಾಹ್ನ ಮೂರು ಗಂಟೆಗೆ ಹೀಗೇ ಭುಜ ನೋಯಿಸ್ಕೊಂಡು ನಿಂತಿರ್ತಾನೆ. ಅವನಿಗೆ ಆಗದೇ ಇರೋ ನಿಯಮ ಬರೆದ್ರೆ ತಪ್ಪು ಅವನದ್ದಲ್ಲ."

ಮೂರನೆಯ ವರ್ಷಕ್ಕೆ ಮಾರಿಸೆಲ್‌ಳ ಸಂಶೋಧನೆ ಒಂದು ದಾರಿಗೆ ಬಂದಿತ್ತು. ಅವಳ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಹಿಂದಿನವರು ತೊಟ್ಟಿಗೆ ಯುರೇನಿಯಂ ದ್ರಾವಣವನ್ನು ಹನಿಹನಿಯಾಗಿ ತುಂಬಿಸುತ್ತಾ, ದೂರದ ಕೋಣೆಯಲ್ಲಿ ಕೂತು ಅಳೆಯುತ್ತಾ, ಸರಿಯಾಗಿ ಯಾವ ಮಟ್ಟಕ್ಕೆ ಅದು ತನ್ನಷ್ಟಕ್ಕೆ ಉರಿಯಲು ತೊಡಗುತ್ತದೆ ಎಂದು ಕಂಡುಕೊಂಡಿದ್ದರು. ಆ ಮಟ್ಟಕ್ಕೆ ಈ ವಿದ್ಯೆಯವರ ಭಾಷೆಯಲ್ಲಿ 'ಒಂದು' ಎಂದು ಹೆಸರು. ಒಂದಕ್ಕಿಂತ ಕಡಿಮೆ ಇದ್ದರೆ ಆರಿಹೋಗುತ್ತದೆ, ಒಂದು ಮುಟ್ಟಿದರೆ ನಿಲ್ಲದು. ಈಗಿನ ಕಾರ್ಖಾನೆಗಳು ಅಂಥ ಪ್ರಯೋಗ ಮಾಡುವುದಿಲ್ಲ, ಕಂಪ್ಯೂಟರನ್ನು ಕೇಳುತ್ತವೆ. ಕಂಪ್ಯೂಟರಿನ ಮಾತು ಎಷ್ಟು ನಂಬಬಹುದು ಎಂದು ತಿಳಿಯಲು ಹಳೆಯ ಪ್ರಯೋಗಗಳನ್ನೇ ಅದಕ್ಕೆ ಲೆಕ್ಕ ಹಾಕಲು ಕೊಟ್ಟು, ಅದು ಸರಿಯಾಗಿ ಒಂದು ಎನ್ನುತ್ತದೋ ಇಲ್ಲವೋ ನೋಡಬೇಕು.

ಮಾರಿಸೆಲ್ ಹತ್ತೊಂಬತ್ತು ಪ್ರಯೋಗಗಳನ್ನು ಆರಿಸಿಕೊಂಡಳು. ಎಲ್ಲದರ ಸರಾಸರಿ ತೆಗೆದರೆ ಸರಿಯಾಗಿ ಒಂದು. ಮುತ್ತಿನಂಥ ಉತ್ತರ. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಬಿಡಿಬಿಡಿಯಾಗಿ ನೋಡಿದಾಗ ಹದಿನಾಲ್ಕು ಪ್ರಯೋಗಗಳಲ್ಲಿ ಕಂಪ್ಯೂಟರ್ ಒಂದಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತಿತ್ತು, 0.996ರ ಸುತ್ತಮುತ್ತ. ಉಳಿದ ಐದರಲ್ಲಿ ಜಾಸ್ತಿ ಹೇಳುತ್ತಿತ್ತು, 1.011. ಕೆಳಗಿನದೂ ಮೇಲಿನದೂ ಒಂದನ್ನೊಂದು ಹೊಡೆದುಹಾಕಿ ಸರಾಸರಿ ಚೆಂದ ಕಾಣುತ್ತಿತ್ತು.

ಆ ಐದೂ ಒಂದೇ ವರದಿಯಿಂದ ಬಂದವು. ಪಿಯೆದ್ರಾ ರೋಹಾ ಪ್ರಯೋಗಶಾಲೆ, 1978, ಒಟ್ಟು ಹನ್ನೆರಡು ಪ್ರಯೋಗ. ಮೊದಲ ಏಳು ಬೇರೆ ಎಲ್ಲರಂತೆ 0.996. ಎಂಟನೆಯದರಿಂದ ಹನ್ನೆರಡರವರೆಗೆ 1.011. ವರದಿ ಬರೆದವರು ವಿ. ಲಿಂಡ್‌ಕ್ವಿಸ್ಟ್. ಮೇಡಂಗೆ ಆಗ ಇಪ್ಪತ್ತೇಳು ವರ್ಷ, ಈಗ ಮಾರಿಸೆಲ್‌ಗೆ ಎಷ್ಟೋ ಅಷ್ಟೇ. ಅವರ ಹೆಸರನ್ನು ಊರಿಂದೂರಿಗೆ ಒಯ್ದದ್ದೇ ಆ ವರದಿ. ದೇಶದ ಎಲ್ಲ ಕೈಪಿಡಿಗಳಲ್ಲೂ ಅದರ ಪಟ್ಟಿ ಇತ್ತು.

ಪಕ್ಕದ ಮೇಜಿನ ಓರಿನ್ ತ್ಸೋಸಿಗೆ ಅವಳು ಅಂಕಿಗಳನ್ನು ತೋರಿಸಿದಳು. ಓರಿನ್ ಶಿಪ್‌ರಾಕ್ ಕಡೆಯ ನವಾಹೋ ಬುಡಕಟ್ಟಿನ ಹುಡುಗ, ಬಾಯಿ ಬಿಟ್ಟರೆ ಕುಚೋದ್ಯ.

"ಅಯ್ಯೋ, ಇದು ಎಲ್ಲರಿಗೂ ಗೊತ್ತಿರೋದೇ ಕಣೇ. ಆ ಐದರಲ್ಲಿ ದ್ರಾವಣ ತೆಳು. ತೆಳು ದ್ರಾವಣಕ್ಕೆ ಕಂಪ್ಯೂಟರ್ ಜಾಸ್ತಿ ಹೇಳತ್ತೆ ಅಂತ ನಲವತ್ತು ವರ್ಷದಿಂದ ಹೇಳ್ಕೊಂಡು ಬಂದಿದಾರೆ."

"ಬೇರೆ ಲ್ಯಾಬಿನ ತೆಳು ದ್ರಾವಣಕ್ಕೆ ಹಾಗೆ ಹೇಳ್ತಿಲ್ವಲ್ಲ. ಎರಡು ನೋಡಿದೆ. ಎರಡೂ ಕೆಳಗೇ ಇವೆ."

ಓರಿನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ನೋಡಿ, ತಲೆ ಕೆರೆದುಕೊಂಡು, "ಹೋಗ್ಲಿ, ನೀನೀಗ ಏನ್ ಮಾಡ್ತೀಯ? ಗುರುಗಳ ಮೊದಲ ಮಗೂನ ಎತ್ಕೊಂಡು ಹೋಗಿ 'ಇದಕ್ಕೆ ಮೂಗು ಸೊಟ್ಟ' ಅಂತೀಯಾ?" ಎಂದ.

ಮಾರಿಸೆಲ್ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಆ ನಾಲ್ಕು ತಿಂಗಳೂ ತನ್ನದೇ ತಪ್ಪಿರಬಹುದೆಂದು ಹುಡುಕಿದಳು. ತೊಟ್ಟಿಯ ದಪ್ಪ, ದ್ರಾವಣದ ಆಮ್ಲ, ಕೋಣೆಯ ಗೋಡೆ, ಎಲ್ಲವನ್ನೂ ಎರಡೆರಡು ಸಲ ತಿದ್ದಿ ನೋಡಿದಳು. ತಪ್ಪು ಸಿಗಲಿಲ್ಲ. ಕೊನೆಗೆ ಆಟಕ್ಕೆಂಬಂತೆ ಒಂದು ಕೆಲಸ ಮಾಡಿದಳು. ತೊಟ್ಟಿಯ ಕೆಳಗೆ ಒಂದೂವರೆ ಅಂಗುಲ ದಪ್ಪದ ಪ್ಲಾಸ್ಟಿಕ್ ಹಲಗೆ ಇದೆ ಎಂದು ವರದಿ ಹೇಳುತ್ತಿತ್ತು. ಅಂಥ ಹಲಗೆ ಓಡಿಹೋಗುವ ನ್ಯೂಟ್ರಾನುಗಳನ್ನು ತೊಟ್ಟಿಗೇ ಹಿಂದಕ್ಕೆ ತಳ್ಳುತ್ತದೆ. ಅವಳು ಆ ಐದು ಪ್ರಯೋಗಗಳಿಗೆ ಮಾತ್ರ ಹಲಗೆ ತೆಗೆದು ಲೆಕ್ಕ ಹಾಕಿದಳು. ಐದೂ ಸರ್ರನೆ ಕೆಳಗಿಳಿದು ಉಳಿದ ಹದಿನಾಲ್ಕರ ಹತ್ತಿರ ಬಂದು ಕೂತವು.

ಇದು ನಿಜವಾದರೆ ಸರಾಸರಿ ಒಂದು ಎನ್ನುವುದು ಸುಳ್ಳು. ಕಂಪ್ಯೂಟರ್ ಎಲ್ಲ ಕಡೆಯೂ ಅಪಾಯವನ್ನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಿದೆ. ಇಲ್ಲದ ಧೈರ್ಯವನ್ನು ಆ ಐದು ಅಂಕಿಗಳು ಎಲ್ಲರಿಗೂ ಹಂಚಿವೆ.

ಮರುದಿನ ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ ಕಾಗದಗಳನ್ನು ಮೇಜಿನ ಮೇಲಿಟ್ಟಳು. ಹೇಳಬೇಕೆಂದು ಕಲಿತು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ಮೇಡಂ, ಇದನ್ನ ಒಂಚೂರು ನೋಡಿ," ಎಂದಷ್ಟೇ ಅಂದಳು.

ಮೇಡಂ ಪೆನ್ಸಿಲ್ ಹಿಡಿದು ಓದತೊಡಗಿದರು. ಮುಕ್ಕಾಲು ಗಂಟೆ ಹಿಡಿಯಿತು. ಎರಡು ಕಡೆ ಗುರುತು ಹಾಕಿದರು, ಒಂದು ಕಡೆ ತಾವೇ ಅಂಚಿನಲ್ಲಿ ಭಾಗಿಸಿ ನೋಡಿದರು. ಮಾರಿಸೆಲ್ ಅವರ ಮುಖ ನೋಡಲಾರದೆ ಕಿಟಕಿಯಾಚೆಯ ಸಾಂದಿಯಾ ಬೆಟ್ಟ ನೋಡುತ್ತ ಕೂತಳು.

"ಯಾವಾಗ ಗೊತ್ತಾಯ್ತು ನಿನಗೆ?"

"ಅನುಮಾನ ಬಂದು ನಾಲ್ಕು ತಿಂಗಳಾಯ್ತು, ಮೇಡಂ."

"ನಾಲ್ಕು ತಿಂಗಳು! ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು."

ಮೇಡಂ ಪೆನ್ಸಿಲ್ ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದು ಕಂಡಿತು, ಕೆನ್ನೆ ಕೆಂಪೇರಿತ್ತು. "ಯಾರಿಗೆ ಹೆದರಿದೆ? ನನಗಾ? ಮೂವತ್ತು ವರ್ಷದಿಂದ ಬಾಯಿ ನೋಯೋ ಹಾಗೆ ಹೇಳ್ತಾ ಬಂದಿದೀನಿ, ಅನುಮಾನ ಬಂದ ತಕ್ಷಣ ಕೈ ಎತ್ತಿ, ಕೆಲಸ ನಿಲ್ಲಿಸಿ, ಎದುರಿಗೆ ಯಾರೇ ಇರಲಿ ಅಂತ. ನನ್ನೆದುರಿಗೇ ನಿನ್ನ ಕೈ ಏಳಲಿಲ್ಲ ಅಂದ್ರೆ, ನಾನು ಕಲಿಸಿದ್ದಾದ್ರೂ ಏನು?"

ಮಾರಿಸೆಲ್ ಕಣ್ಣಲ್ಲಿ ನೀರು ತುಂಬಿತು. ಮೇಡಂ ಅದನ್ನು ನೋಡಿದರು. ಎದ್ದುಹೋಗಿ ಕಾಫಿ ಬಗ್ಗಿಸಿ ತಂದು ಅವಳ ಮುಂದಿಟ್ಟರು.

"ಲೆಕ್ಕ ಚೆನ್ನಾಗಿದೆ," ಎಂದರು, ಮೆತ್ತಗೆ. "ತುಂಬಾ ಚೆನ್ನಾಗಿದೆ. ನಲವತ್ನಾಲ್ಕು ವರ್ಷ ಆಯ್ತು, ಈ ವರದೀನ ನಿಜವಾಗಿ ಓದಿದವಳು ನೀನೊಬ್ಬಳೇ ಅಂತ ಕಾಣತ್ತೆ. ಈಗ ಇದು ನಿಜವೋ ಸುಳ್ಳೋ ನೋಡೋಣ. ಲೆಕ್ಕ ಹೊಂದಿಕೊಳ್ತು ಅಂತ ಹಲಗೇನ ನಾವೇ ಎತ್ತಿ ಆಚೆ ಇಡೋ ಹಾಗಿಲ್ಲ."

ಆ ಪ್ರಯೋಗಗಳ ಹಳೆಯ ದಿನಚರಿ ತರಿಸಿದರು. ಏಳನೆಯ ಪ್ರಯೋಗ ಆಗಸ್ಟ್ ಒಂಬತ್ತು. ಎಂಟನೆಯದು ಆಗಸ್ಟ್ ಇಪ್ಪತ್ತೊಂದು. ಎಂಟರ ಪುಟದಲ್ಲಿ ಮೇಡಂ ಅವರದೇ ಎಳೆಯ ಕೈಬರಹ: 'ಜೋಡಣೆ ಹಿಂದಿನಂತೆಯೇ.' ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಪ್ರಯೋಗ ನಡೆದ ಕಟ್ಟಡ ಕೆಡವಿ ಇಪ್ಪತ್ತು ವರ್ಷವಾಗಿತ್ತು. ಜೊತೆಗಿದ್ದ ವಿಜ್ಞಾನಿಗಳಿಬ್ಬರೂ ತೀರಿಕೊಂಡಿದ್ದರು.

"ತೊಟ್ಟಿ ಕೂರಿಸ್ತಾ ಇದ್ದವರು ಯಾರು, ಮೇಡಂ?" ಎಂದು ಕೇಳಿದಳು ಮಾರಿಸೆಲ್.

ಮೇಡಂ ತಲೆ ಎತ್ತಿದರು. "ಎಪಿಮೆನಿಯೋ," ಎಂದರು. "ಎಪಿಮೆನಿಯೋ ಸೆರ್ನಾ. ಬದುಕಿದಾರೋ ಇಲ್ವೋ."

ಬದುಕಿದ್ದರು. ಎಂಬತ್ತಾರು ವರ್ಷ, ತ್ರೂಚಾಸ್ ಊರಲ್ಲಿ ಹೆಂಡತಿ ಕ್ಲೋತಿಲ್ದೆಯ ಜೊತೆ ಇದ್ದರು. ಸೆಪ್ಟೆಂಬರಿನ ಒಂದು ಶನಿವಾರ ಮೇಡಂ, ಮಾರಿಸೆಲ್ ಇಬ್ಬರೂ ಅಲ್ಲಿಗೆ ಹೊರಟರು. ಕಣಿವೆಯುದ್ದಕ್ಕೂ ಹಸಿಮೆಣಸಿನಕಾಯಿ ಸುಡುವ ವಾಸನೆ. ಸೆರ್ನಾ ಅವರ ಅಂಗಳದಲ್ಲೂ ಕ್ಲೋತಿಲ್ದೆ ಒಂದು ಮೂಟೆ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದರು.

"ಬನ್ನಿ ಬನ್ನಿ, ಕಣ್ಣುಜ್ಜಿಕೊಳ್ಳಬೇಡಿ, ಉರೀತದೆ," ಎಂದು ಕೂಗಿದರು ಅಜ್ಜಿ. "ಯಜಮಾನ್ರು ಬೆಳಗ್ಗೆಯಿಂದ ಮೂರು ಸಲ ಶರಟು ಬದಲಾಯಿಸಿದಾರೆ. ಮದುವೆ ದಿನಾನೂ ಇಷ್ಟು ಸಡಗರ ಇರಲಿಲ್ಲ."

ಎಪಿಮೆನಿಯೋ ಬಾಗಿಲಲ್ಲಿ ನಿಂತಿದ್ದರು. ಒಣಕಲು ಮೈ, ಕೈ ಮಾತ್ರ ದೊಡ್ಡವು. "ಡಾಕ್ಟರಮ್ಮ," ಎಂದರು, "ಕೂದಲು ಬೆಳ್ಳಗಾಯ್ತಲ್ಲ."

"ನಿಮಗೆ ಅದೂ ಉಳಿದಿಲ್ಲವಲ್ಲ," ಎಂದರು ಮೇಡಂ. ಇಬ್ಬರೂ ಕೈ ಹಿಡಿದುಕೊಂಡು ನಕ್ಕರು.

ಪೋಸೋಲೆ ಎಂಬ ಜೋಳದ ಸಾರು ಬಡಿಸಿ, ಎರಡನೆಯ ಬಟ್ಟಲೂ ಖಾಲಿಯಾಗುವ ತನಕ ಕ್ಲೋತಿಲ್ದೆ ಕೆಲಸದ ಮಾತಿಗೆ ಎಡೆ ಕೊಡಲಿಲ್ಲ. ಆಮೇಲೆ ಮೇಡಂ ತಾವು ಕೇಳದೆ ಮಾರಿಸೆಲ್ ಕಡೆ ನೋಡಿದರು. ಬರುವ ದಾರಿಯಲ್ಲೇ ಹೇಳಿದ್ದರು: ಪ್ರಶ್ನೆ ನೀನೇ ಕೇಳು, ಉತ್ತರ ಇಂಥದ್ದೇ ಬೇಕು ಅನ್ನೋ ಹಾಗೆ ಕೇಳಬೇಡ.

"ತಾತ," ಎಂದಳು ಮಾರಿಸೆಲ್, "ಎಪ್ಪತ್ತೆಂಟರಲ್ಲಿ ಆ ಉದ್ದನೆ ತೊಟ್ಟಿ ಇತ್ತಲ್ಲ, ಅದು ಯಾವುದರ ಮೇಲೆ ನಿಂತಿತ್ತು?"

"ಯಾವಾಗ? ಮೊದಲಾ, ಆಮೇಲಾ?"

ಮಾರಿಸೆಲ್ ಪೆನ್ನು ತೆಗೆದಳು. "ಎರಡೂ ಹೇಳಿ."

"ಮೊದಲು ಪ್ಲಾಸ್ಟಿಕ್ ಹಲಗೆ. ಇಷ್ಟು ದಪ್ಪ. ಅದು ಬಿರುಕು ಬಿಡ್ತು ಮಗಳೇ. ತೊಟ್ಟಿ ಎತ್ತಿ ಇಳಿಸೋವಾಗ ಒಂದು ಮೂಲೆ ತಗಲಿ, ಆ ಕಡೆಯಿಂದ ಈ ಕಡೆಗೆ ಸೀಳು. ಒಡಕಲು ಹಲಗೆ ಮೇಲೆ ಅಂಥ ತೊಟ್ಟಿ ಹೇಗೆ ಇಡೋದು? ತೆಗೆದುಬಿಟ್ಟೆ. ಒಂದು ತಗಡಿಗೆ ಕಬ್ಬಿಣದ ನಾಲ್ಕು ಕಾಲು ಬೆಸೆದು ಅದರ ಮೇಲೆ ಕೂರಿಸಿದೆ. ನೆಲದಿಂದ ಹನ್ನೊಂದು ಇಂಚು. ಮಟ್ಟ ನೋಡಿ ನೋಡಿ ಅರ್ಧ ದಿನ ಹೋಯ್ತು."

ಮೇಡಂ ತಟ್ಟೆಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. "ಎಪಿಮೆನಿಯೋ, ಇದನ್ನ ನನಗೆ ಹೇಳಿದ್ರಾ ನೀವು?"

ಮುದುಕರು ಹೆಂಡತಿಯ ಮುಖ ನೋಡಿದರು, ಮೆಣಸಿನಕಾಯಿ ಬುಟ್ಟಿ ನೋಡಿದರು.

"ಹೇಳಿ ಪರವಾಗಿಲ್ಲ," ಎಂದರು ಮೇಡಂ. "ಸಂಕೋಚ ಬೇಡ."

"ಹೇಳಿದ್ದೆ, ಡಾಕ್ಟರಮ್ಮ. ನೀವು ಫೋನಿನಲ್ಲಿದ್ರಿ. ಬಾಗಿಲಲ್ಲಿ ನಿಂತು ಹೇಳ್ದೆ, ನೀವು ಸರಿ ಸರಿ ಅಂತ ಕೈಯಾಡಿಸಿದ್ರಿ. ನಿಮ್ಮ ತಂದೆ ತೀರಿಹೋಗಿ, ಮಿನೆಸೋಟಾಗೆ ಹೋಗಿ ಅವತ್ತು ತಾನೇ ಬಂದಿದ್ರಿ. ನಿಮ್ಮಮ್ಮನ ಹತ್ರ ಮಾತಾಡ್ತಿದ್ರಿ ಅಂತ ಕಾಣತ್ತೆ, ಅಳ್ತಿದ್ರಿ. ಇನ್ನೊಂದು ಸಲ ಬಂದು ಹೇಳಬೇಕಿತ್ತು ನಾನು. ಹೇಳ್ಲಿಲ್ಲ."

"ನನಗೆ ನೆನಪಿಲ್ಲ," ಎಂದರು ಮೇಡಂ. "ನೆನಪಿದೆ ಅಂತ ಸುಳ್ಳು ಹೇಳಲ್ಲ. ಆದ್ರೆ ನೀವು ಹೇಳಿದೀನಿ ಅಂದ್ರೆ ಹೇಳಿರ್ತೀರಿ. ಬರೆಯೋ ಮೊದಲು ಹತ್ತು ಹೆಜ್ಜೆ ನಡೆದು ಹೋಗಿ ತೊಟ್ಟಿ ನೋಡಬೇಕಿತ್ತು. ನಾನು ನೋಡದೇ 'ಹಿಂದಿನಂತೆಯೇ' ಅಂತ ಬರೆದೆ." ಆಮೇಲೆ ಮಾರಿಸೆಲ್ ಕಡೆ ತಿರುಗಿ, "ನಮ್ಮಪ್ಪನ ವಿಷಯ ವರದೀಲಿ ಬೇಡ," ಎಂದರು. "ಕಾರಣ ಏನಿದ್ರೂ ನೋಡದೇ ಬರೆದದ್ದು ನೋಡದೇ ಬರೆದದ್ದೇ."

ಮಾರಿಸೆಲ್ ತಲೆಯಾಡಿಸಿದಳು. ಮೂರು ವರ್ಷದಿಂದ ಈ ಹೆಂಗಸಿನ ಬುದ್ಧಿಗೆ ಬೆರಗಾಗುತ್ತ ಬಂದಿದ್ದಳು. ಈಗ ಮೊದಲ ಸಲ ಅವರ ಗಟ್ಟಿತನ ಕಂಡಂತಾಯಿತು.

ಆದರೆ ತೊಡಕು ಇನ್ನೂ ಇತ್ತು. ಎಂಬತ್ತಾರರ ಮುದುಕರ ನೆನಪನ್ನು ಸಾಕ್ಷಿ ಎಂದು ಯಾವ ಸಮಿತಿ ಒಪ್ಪುತ್ತದೆ? ಬಿರುಕು ಬಿಟ್ಟದ್ದು ಏಳನೆಯ ಪ್ರಯೋಗಕ್ಕೆ ಮೊದಲೋ, ಹನ್ನೆರಡು ಮುಗಿದ ಮೇಲೋ ಎಂದು ಕೇಳಿದರೆ? ಮೇಡಂ ಅದನ್ನೇ ಬಿಡಿಸಿ ಹೇಳಿದರು. "ಅದನ್ನ ತೆಗೆದ ತಾರೀಕು ಎಲ್ಲಾದರೂ ಬರೆದಿಟ್ಟಿದ್ದೀರಾ?"

"ತಾರೀಕಾ?" ಎಂದರು ಎಪಿಮೆನಿಯೋ. "ತಾರೀಕು ಹಲಗೆ ಮೇಲೇ ಇದೆಯಲ್ಲ."

"ಯಾವ ಹಲಗೆ ಮೇಲೆ?"

"ಅದೇ ಹಲಗೆ. ಕೋಳಿಗೂಡಿಗೆ ಹಾಕಿದೀನಿ."

ಕ್ಲೋತಿಲ್ದೆ ನಗಲು ಶುರು ಮಾಡಿದರು. "ಅಯ್ಯೋ ದೇವರೇ, ಅದಾ? ಆಗಲೇ ಹೇಳಿದ್ದೆ, ಆಫೀಸಿನ ಕಸ ಮನೆಗೆ ತರಬೇಡಿ ಅಂತ."

"ಕಸ ಅಲ್ಲ, ಚೀಟಿ ಬರೆಸ್ಕೊಂಡು ತಂದದ್ದು," ಎಂದು ಮುದುಕರು ರೇಗಿದರು.

ಎಲ್ಲರೂ ಹಿತ್ತಲಿಗೆ ಹೋದರು. ಮಣ್ಣಿನ ಗೋಡೆಯ ಕೋಳಿಗೂಡು, ದಕ್ಷಿಣದ ಗೋಡೆಯಲ್ಲಿ ಕಿಟಕಿ. ಕಿಟಕಿಗೆ ಗಾಜಿನ ಬದಲು ದಪ್ಪನೆಯ ಪ್ಲಾಸ್ಟಿಕ್ಕು, ಬಿಸಿಲಿಗೆ ಜೇನಿನ ಬಣ್ಣ ತಿರುಗಿತ್ತು. ಮೂಲೆಯಿಂದ ಮೂಲೆಗೆ ಒಂದು ಬಿರುಕು, ಅದಕ್ಕೆ ಡಾಂಬರು ಮೆತ್ತಿತ್ತು. ಮಾರಿಸೆಲ್ ಮಂಡಿಯೂರಿ ಕೂತು ಶರಟಿನ ತೋಳಿನಿಂದ ಕೆಳಗಿನ ಅಂಚನ್ನು ಉಜ್ಜಿದಳು. ಒಳಗಿದ್ದ ಕೋಳಿಗಳು ಕೊಕ್ಕೊಕ್ಕೊ ಎಂದು ಗಲಾಟೆ ಎಬ್ಬಿಸಿದವು. ಧೂಳಿನಡಿ ಮೊಳೆಯಿಂದ ಕೆತ್ತಿದ ಅಕ್ಷರಗಳು ಕಂಡವು: ಪಿಯೆದ್ರಾ ರೋಹಾ, ತೊಟ್ಟಿಯ ಸಂಖ್ಯೆ, 'ಪರೀಕ್ಷಿಸಿದೆ, ಶುದ್ಧ, ಹೊರಗೆ ಒಯ್ಯಬಹುದು', ಕೆಳಗೆ ಇಬ್ಬರ ಮೊದಲಕ್ಷರ, ತಾರೀಕು. 1978, ಆಗಸ್ಟ್ ಹದಿನಾರು.

"ಒಂಬತ್ತಕ್ಕೂ ಇಪ್ಪತ್ತೊಂದಕ್ಕೂ ಮಧ್ಯೆ," ಎಂದಳು ಅವಳು.

"ವಿಕಿರಣ ನೋಡೋ ಹುಡುಗ ನಾಲ್ಕು ಸಲ ಒರೆಸಿ ನೋಡಿ ಆಮೇಲೆ ಕೊಟ್ಟ," ಎಂದರು ಎಪಿಮೆನಿಯೋ. "ಅಲ್ಲಿ ಏನಾದ್ರೂ ಹೊರಗೆ ಬರಬೇಕಾದ್ರೆ ಹಾಗೆ ಕೆತ್ತಿ ಕಳಿಸೋದು ಪದ್ಧತಿ."

ಮೇಡಂ ಬಗ್ಗಿ ಆ ಬಿರುಕಿನ ಮೇಲೆ ಬೆರಳಾಡಿಸಿದರು. ಅವರ ಮುಖದಲ್ಲಿ ಮಾರಿಸೆಲ್ ನಿರೀಕ್ಷಿಸಿದ್ದ ನೋವು ಕಾಣಲಿಲ್ಲ. ಕಳೆದುಹೋದ ವಸ್ತು ಸಿಕ್ಕವರ ಮುಖವಾಗಿತ್ತು ಅದು. "ಇದು ನಮಗೆ ಬೇಕು, ಕ್ಲೋತಿಲ್ದೆ," ಎಂದರು.

"ಕೊಡಲ್ಲಮ್ಮ," ಎಂದರು ಕ್ಲೋತಿಲ್ದೆ ಖಡಾಖಂಡಿತವಾಗಿ. "ಚಳಿಗಾಲ ಬರ್ತಿದೆ. ನನ್ನ ಕೋಳಿಗಳು ನಿಮ್ಮ ವಿಜ್ಞಾನಕ್ಕೋಸ್ಕರ ಸಾಯಬೇಕಾ? ಮೊದಲು ಗಾಜು ಹಾಕಿಸಿ, ಆಮೇಲೆ ಒಯ್ಯಿರಿ."

ಮುಂದಿನ ಶನಿವಾರ ಓರಿನ್ ಬಂದು ಗಾಜು ಕೂರಿಸಿದ. ಕ್ಲೋತಿಲ್ದೆ ಪಕ್ಕದಲ್ಲೇ ನಿಂತು ಮೂರು ಸಲ ಬಿಚ್ಚಿಸಿ ಮತ್ತೆ ಹಾಕಿಸಿದರು. "ಡಾಕ್ಟರೇಟ್ ಪರೀಕ್ಷೆ ಇದಕ್ಕಿಂತ ಸಲೀಸು," ಎಂದು ಅವನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮಾರಿಸೆಲ್ ಕಬ್ಬಿಣದ ಕಾಲುಗಳನ್ನು ಎಪಿಮೆನಿಯೋ ಹೇಳಿದ ಅಳತೆಗೆ ಲೆಕ್ಕದಲ್ಲಿ ನಿಲ್ಲಿಸಿದಳು. ಐದು ಪ್ರಯೋಗಗಳೂ 0.996ಕ್ಕೆ ಬಂದು ನಿಂತವು. ತಿದ್ದುಪಡಿ ವರದಿಯ ಕರಡನ್ನು ಮೇಡಂ ಮುಂದಿಟ್ಟಾಗ ಹೆಸರುಗಳ ಸಾಲಿನಲ್ಲಿ ಅವರದು ಮೊದಲಿತ್ತು. ಮೇಡಂ ಅದನ್ನು ಹೊಡೆದುಹಾಕಿ ಬರೆದರು: ಕ್ವಿಂತಾನಾ, ಸೆರ್ನಾ, ಲಿಂಡ್‌ಕ್ವಿಸ್ಟ್.

"ಮೇಡಂ, ನಿಮ್ಮ ಹೆಸರು ಕೊನೇಲಾ?"

"ಕಂಡುಹಿಡಿದವಳು ನೀನು. ತಿಳಿದಿದ್ದವರು ಅವರು. ತಪ್ಪು ಮಾಡಿದವಳು ನಾನು. ಸಾಲು ಸರಿಯಾಗೇ ಇದೆ."

ವಸಂತದ ಕಮ್ಮಟಕ್ಕೆ ದೇಶದ ನಾನಾ ಕಾರ್ಖಾನೆಗಳಿಂದ ನಲವತ್ತು ಎಂಜಿನಿಯರುಗಳು ಬಂದಿದ್ದರು. ಮಾರಿಸೆಲ್ ಅಂಕಿಗಳನ್ನು ಮಂಡಿಸಿದಳು. ಅವಳು ಮುಗಿಸಿದ ಮೇಲೆ ಮೇಡಂ ಎದ್ದು, ಆಗಸ್ಟ್ ಇಪ್ಪತ್ತೊಂದರಂದು ತಾವು ಏನು ನೋಡಲಿಲ್ಲ, ಏನು ಬರೆದರು ಎಂಬುದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಆ ಸಭೆಯಲ್ಲಿ ಅರ್ಧದಷ್ಟು ಜನ ಅವರ ಶಿಷ್ಯರೇ.

ಹಾರ್ಲನ್ ಪ್ರೂಯಿಟ್ ಎಂಬ ದಪ್ಪ ಮೀಸೆಯವರು ಎದ್ದು ನಿಂತರು. ಪೂರ್ವದ ಕಡೆಯ ಇಂಧನ ಕಾರ್ಖಾನೆಯೊಂದರ ಸುರಕ್ಷತಾ ಮುಖ್ಯಸ್ಥರು. "ನಿಮ್ಮ ಮಾತು ಕೇಳಿದ್ರೆ ನಾನು ಹನ್ನೊಂದು ತೊಟ್ಟಿಗಳ ಲೆಕ್ಕ ಮೊದಲಿಂದ ಮಾಡಿಸಬೇಕು. ಅಷ್ಟು ದಿನ ಕೆಲಸ ನಿಲ್ಲಿಸಬೇಕು. ನಲವತ್ತು ವರ್ಷದಿಂದ ಏನೂ ಆಗಿಲ್ವಲ್ರೀ! ಅರ್ಧ ಪರ್ಸೆಂಟೂ ಇಲ್ಲದ ವ್ಯತ್ಯಾಸಕ್ಕೆ ಇಷ್ಟು ಗದ್ದಲವಾ?"

ಉತ್ತರ ಕೊಡಲು ಮೇಡಂ ಏಳುತ್ತಾರೆಂದು ಎಲ್ಲರೂ ಕಾದರು. ಅವರು ಕೂತೇ ಇದ್ದರು, ಮಾರಿಸೆಲ್‌ಳನ್ನೇ ನೋಡುತ್ತ.

ಮಾರಿಸೆಲ್ ನೀರು ಕುಡಿದಳು. "ಏನೂ ಆಗಿಲ್ಲ ನಿಜ, ಸಾರ್," ಎಂದಳು. "ಹಿಂದಿನವರು ನಮ್ಮ ತಪ್ಪಿಗೂ ಸೇರಿಸಿ ತೊಟ್ಟೀಲಿ ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ರು, ಅದಕ್ಕೆ ಏನೂ ಆಗಿಲ್ಲ. ಆ ಜಾಗದಲ್ಲಿ ಸ್ವಲ್ಪ ನಾವು ಆಗಲೇ ಉಪಯೋಗಿಸಿಬಿಟ್ಟಿದೀವಿ ಅಂತ ಈಗ ಗೊತ್ತಾಗಿದೆ. ನಿಮ್ಮ ತೊಟ್ಟಿ ಪಕ್ಕ ನಿಂತು ಕೆಲಸ ಮಾಡೋರಿಗೆ ಅದು ಗೊತ್ತಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ರೆ ಹೇಗೆ?"

ಪ್ರೂಯಿಟ್ ಏನೋ ಗೊಣಗಿ ಕೂತರು. ಊಟದ ಹೊತ್ತಿಗೆ ಅವರು ಮಾರಿಸೆಲ್ ಮೇಜಿಗೆ ಬಂದು, ಕುರ್ಚಿ ಎಳೆದುಕೊಂಡು, ಲೆಕ್ಕದ ಹಾಳೆ ಬಿಡಿಸಿ ಒಂದೊಂದೇ ಸಾಲು ಕೇಳತೊಡಗಿದರು. ತಟ್ಟೆಯಲ್ಲಿದ್ದ ಬರಿಟೋ ರೊಟ್ಟಿ ಇಬ್ಬರದೂ ಆರಿತು.

ಆ ಬೇಸಿಗೆಯಲ್ಲಿ ಹನ್ನೊಂದು ತೊಟ್ಟಿಗಳ ಲೆಕ್ಕವೂ ಹೊಸದಾಗಿ ಆಯಿತು. ಹತ್ತಕ್ಕೆ ಏನೂ ಬದಲಾಗಲಿಲ್ಲ. ಹನ್ನೊಂದನೆಯದರಲ್ಲಿ ತುಂಬಬಹುದಾದ ಮಟ್ಟದ ಗೆರೆ ಒಂದು ಗೇಣು ಕೆಳಗಿಳಿಯಿತು. ಅಷ್ಟೇ ಆದದ್ದು. ಆ ಗೆರೆ ಮೊದಲು ಎಲ್ಲಿತ್ತೆಂದು ಮುಂದಿನ ಪಾಳಿಗೆ ಬರುವ ಹೊಸಬರಿಗೆ ತಿಳಿಯಲಾರದು. ಅದು ಇಳಿದದ್ದರಿಂದ ಯಾರಾದರೂ ಉಳಿದರೋ ಎಂಬುದೂ ಯಾರಿಗೂ ತಿಳಿಯಲಾರದು. ಈ ವಿದ್ಯೆ ಕಲಿತವರು ತಮ್ಮ ಜೀವಮಾನದ ಕೆಲಸವನ್ನು ಹಾಗೆ ಯಾರ ಕಣ್ಣಿಗೂ ಬೀಳದ ಕಡೆ ಇಟ್ಟು ಹೋಗುತ್ತಾರೆ. ಮಾರಿಸೆಲ್‌ಗೆ ಅದು ಮೊದಲಿನಂತೆ ಬೇಸರದ ಸಂಗತಿ ಅನ್ನಿಸಲಿಲ್ಲ.

ವರದಿ ಅಚ್ಚಾಗಿ ತ್ರೂಚಾಸ್‌ಗೆ ಒಂದು ಪ್ರತಿ ಹೋಯಿತು. ಮೂರು ದಿನದ ಮೇಲೆ ಕ್ಲೋತಿಲ್ದೆಯ ಫೋನು ಬಂತು.

"ಮಗಳೇ, ಇವರಿಗೆ ಸ್ವಲ್ಪ ಬುದ್ಧಿ ಹೇಳು. ಪುಸ್ತಕ ಹಿಡ್ಕೊಂಡು ಊರೆಲ್ಲ ಸುತ್ತಿದಾರೆ. ಪಾದ್ರಿಗೂ ತೋರಿಸಿದಾರೆ. ಪಾದ್ರಿ ಪಾಪ, ಏನೂ ಅರ್ಥ ಆಗದೆ ಆಶೀರ್ವಾದ ಮಾಡಿ ಕಳಿಸಿದಾರೆ."

ಹಿಂದಿನಿಂದ ಎಪಿಮೆನಿಯೋ ದನಿ ಕೇಳಿತು: "ಹನ್ನೊಂದು ಇಂಚು ಅಂತ ಹಾಕಿದಾಳಾ ಕೇಳು! ಹತ್ತೂ ಮುಕ್ಕಾಲು ಅಂತಿದೆ ಇಲ್ಲಿ!"

"ಕಾಲಿನ ಮೇಲಿನ ತಗಡಿನ ದಪ್ಪ ಬೇರೆ ಬರೆದಿದೀನಿ, ತಾತ!" ಎಂದು ಮಾರಿಸೆಲ್ ಫೋನಿನಲ್ಲೇ ಕೂಗಿದಳು. "ಕಾಲಿನ ಎತ್ತರ ಹತ್ತೂ ಮುಕ್ಕಾಲು ಇಂಚು, ತಗಡು ಕಾಲಿಂಚು. ಎರಡೂ ಸೇರಿ ಹನ್ನೊಂದು!"

ಆ ಕಡೆ ಪುಟ ತಿರುವಿದ ಸದ್ದು ಕೇಳಿತು. ಆಮೇಲೆ, "ಹಾಂ, ಹಾಗಾದ್ರೆ ಸರಿ," ಎಂದರು ಮುದುಕರು.

ಡಾಕ್ಟರೇಟ್ ಮುಗಿದ ವಾರವೇ ಮಾರಿಸೆಲ್‌ಗೆ ಇನ್ನೊಂದು ಫೋನು ಬಂತು. ಹಾರ್ಲನ್ ಪ್ರೂಯಿಟ್. "ನಮ್ಮಲ್ಲಿ ಒಂದು ಕೆಲಸ ಖಾಲಿ ಇದೆಯಮ್ಮ. ನನ್ನ ಜೊತೆ ಜಗಳ ಆಡೋಕೆ ಒಬ್ಬರು ಬೇಕು. ಇಲ್ಲಿರೋರೆಲ್ಲ ನಾನು ಹೇಳಿದ್ದಕ್ಕೆ ಹೂಂ ಅಂತಾರೆ."

ಅವಳು ಯೋಚಿಸಲು ಎರಡು ದಿನ ಕೇಳಿದಳು. ಮೇಡಂ ಕೋಣೆಗೆ ಹೋಗಿ ಹೇಳಿದಾಗ ಅವರು ಹೊಸ ವಿದ್ಯಾರ್ಥಿಗಳ ಪಟ್ಟಿ ನೋಡುತ್ತಿದ್ದರು. ಆ ಸಲ ಹನ್ನೊಂದು ಜನ ಸೇರಿದ್ದರು.

"ಹೋಗು," ಎಂದರು ಮೇಡಂ, ತಲೆ ಎತ್ತದೆ. "ಒಳ್ಳೇ ಮನುಷ್ಯ. ಗದರ್ತಾನೆ, ಆದ್ರೆ ಕೇಳಿಸ್ಕೊಳ್ತಾನೆ." ಆಮೇಲೆ ಕನ್ನಡಕ ತೆಗೆದು ಅವಳ ಮುಖ ನೋಡಿದರು. "ವರ್ಷಕ್ಕೊಂದು ಸಲ ಬಂದು ಇವರಿಗೆ ಪಾಠ ಮಾಡಬೇಕು. ನನ್ನ ತಪ್ಪಿನ ಪಾಠ ನೀನೇ ಮಾಡು. ನಾನು ಮಾಡಿದ್ರೆ ಚಿಕ್ಕದು ಮಾಡಿಬಿಡ್ತೀನೇನೋ ಅಂತ ನನಗೇ ಅನುಮಾನ."

ಮಾರಿಸೆಲ್ ಆಗಲಿ ಎಂದಳು. ಆ ಸಂಜೆ ದಕ್ಷಿಣ ಕಣಿವೆಯ ಮನೆಗೆ ಹೋದಾಗ ಅವಳಪ್ಪ ಯಾರದೋ ಕೂಲರಿನ ಮೋಟಾರು ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಕೂತಿದ್ದರು. ಅವಳು ಪಕ್ಕದಲ್ಲಿ ಕೂತು ಸುದ್ದಿ ಹೇಳಿದಳು. ಅಪ್ಪ ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು, "ಅಲ್ಲಿ ನಿನ್ನ ಕೆಲಸ ಏನಮ್ಮ ಹಂಗಾದ್ರೆ?" ಎಂದು ಕೇಳಿದರು.

"ಏನೂ ಆಗದ ಹಾಗೆ ನೋಡ್ಕೊಳ್ಳೋದು, ಅಪ್ಪ," ಎಂದಳು ಅವಳು.